ನಮ್ಮ ವಿದ್ಯಾರ್ಥಿನಿಯರ ಬರಹಗಳೂ ಅವುಗಳ ಪ್ರಕಟಣೆಯೂ

ವಿದ್ಯೆಯೆಂಬುದು ಓದುಬರಹಗಳೆರಡರಿಂದಲೂ ಕೂಡಿದುದೆಂದು ನಾವೆಲ್ಲರೂ ಬಲ್ಲೆವು. ಆದರೆ ಪಾಠಶಾಲೆಯನ್ನು ಬಿಟ್ಟ ಮೇಲೆ ನಮ್ಮ ಹೆಣ್ಣುಮಕ್ಕಳಲ್ಲಿ ಓದಾದರೂ ಅಷ್ಟಿಷ್ಟು ಉಳಿಯುತ್ತದೆ. ಬರಹವು ಮಾತ್ರ ಬಹು ಬೇಗನೆ ನಿಂತುಹೋಗುತ್ತದೆ. ಹತ್ತನೆಯ ತರಗತಿಯವರೆಗೆ ಪ್ರಬಂಧ ರಚನೆಯಲ್ಲಿ ಮೊದಲ ಬಹುಮಾನವನ್ನು ಯಾರಿಗೂ ಬಿಟ್ಟುಕೊಡದಿದ್ದ ಹುಡುಗಿಯು, ಮದುವೆಯಾಗಿ ನಾಲ್ಕಾರು ವರ್ಷಗಳಾದ ಮೇಲೆ ವಾರ್ಷಿಕೋತ್ಸವಕ್ಕೆ ಬಂದಾಗ, "ಏನಮ್ಮಾ, ಈಗ ಏನು ಬರೆಯುತ್ತಿದ್ದೀಯೆ?" ಎಂದು ನಾವು ಕೇಳಿದರೆ, "ದಿನಸಿ ಚೀಟಿ ಬರೆಯುತ್ತೇನೆ, ಟೀಚರ್" ಎಂದು ನಗುತ್ತಾಳೆ. ಇಂತಹ ಉತ್ತರವನ್ನು ನಾವು ಒಂದು ಬಾರಿಯಲ್ಲ, ಹಲವು ಬಾರಿ ಕೇಳಿದ್ದೇವೆ. ಶಾಲೆಯ ಸಂಚಿಕೆಗಳಲ್ಲಿ ಹೆಸರು ಕಂಡ ಎಷ್ಟೋ ಮಂದಿಗೆ ಅಚ್ಚಿನಲ್ಲಿ ಬಂದ ಮೊದಲ ಬರಹವೂ ಅದೇ, ಕಡೆಯ ಬರಹವೂ ಅದೇ ಎಂಬುದು ನಮಗೆ ವ್ಯಸನವನ್ನುಂಟುಮಾಡುವ ಸಂಗತಿಯಾಗಿದೆ.

ಇದಕ್ಕೆ ಶಕ್ತಿಯ ಕೊರತೆಯು ಕಾರಣವಲ್ಲ. ಬರೆದುದನ್ನು ಎಲ್ಲಿಗೆ ಕಳುಹಿಸಬೇಕೆಂಬುದು ತಿಳಿಯದು. ಕಳುಹಿಸುವ ಕ್ರಮವು ತಿಳಿಯದು. ಹೆಸರು ಅಚ್ಚಾದರೆ ಮನೆಯವರು ಏನೆನ್ನುವರೋ ಎಂಬ ಅಂಜಿಕೆ ಬೇರೆ. ಇವುಗಳಲ್ಲಿ ಮೊದಲಿನ ಎರಡನ್ನು ತಿಳಿವಳಿಕೆಯಿಂದಲೂ, ಮೂರನೆಯದನ್ನು ತಂದೆತಾಯಿಗಳ ಒಳ್ಳೆಯ ಮನಸ್ಸಿನಿಂದಲೂ ಹೋಗಲಾಡಿಸಬಹುದು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಈ ವಿಷಯದಲ್ಲಿ ನಾವು ಅರಿತಷ್ಟನ್ನು ಕ್ರಮವಾಗಿ ನಿವೇದಿಸಬೇಕೆಂದು ಬಯಸಿದ್ದೇವೆ.

ನಮ್ಮ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ಸುಮಾರು ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇಲ್ಲಿಯ ಗಾಜಿನ ಕೆಲಸವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಕುಲುಮೆಯಲ್ಲಿ ಬಳೆಯು ಎಷ್ಟೇ ಅಂದವಾಗಿ ಇಳಿದಿದ್ದರೂ, ಬಳೆಗಾರನು ಮಲಾರವನ್ನು ಹೊತ್ತು ಊರೂರು ತಿರುಗದಿದ್ದರೆ ಅದು ಯಾರ ಕೈಗೂ ಏರುತ್ತಿರಲಿಲ್ಲ. ಬರಹಕ್ಕೂ ಇದೇ ನಿಯಮವೆಂದು ತಿಳಿಯಬೇಕು. ಪೆಟ್ಟಿಗೆಯ ತಳದಲ್ಲಿರುವ ನೋಟುಪುಸ್ತಕವನ್ನು ಹುಡುಕಿಕೊಂಡು ಯಾವ ಸಂಪಾದಕರೂ ನಮ್ಮೂರಿಗೆ ಬರುವುದಿಲ್ಲ.

ಹಿಂದಿನವರು ನಡೆದ ದಾರಿ

ಕನ್ನಡದಲ್ಲಿ ಪತ್ರಿಕೆಯೆಂಬುದೇ ಹುಟ್ಟಿ ಇನ್ನೂ ಎರಡು ಶತಮಾನಗಳಾಗಿಲ್ಲ. ೧೮೪೩ನೆಯ ಇಸವಿ ಜುಲೈ ತಿಂಗಳ ೧ನೆಯ ತಾರೀಖಿನಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅಲ್ಲಿಂದ ಸುಮಾರು ಎಪ್ಪತ್ತು ವರ್ಷಗಳು ಕಳೆಯುವುದರೊಳಗೆ ಹೆಂಗಸರು ತಾವೇ ಬರೆದು, ತಾವೇ ಪ್ರಕಟಿಸುವ ಕಾಲವು ಬಂದಿತು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ನಂಜನಗೂಡಿನ ತಿರುಮಲಾಂಬಾರವರು "ಸತೀ ಹಿತೈಷಿಣಿ" ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ, ೧೯೧೩ರಲ್ಲಿ "ಸುಶೀಲೆ" ಎಂಬ ಕಾದಂಬರಿಯನ್ನೂ, ೧೯೧೭ರಲ್ಲಿ "ಕರ್ನಾಟಕ ನಂದಿನಿ" ಎಂಬ ಮಾಸಪತ್ರಿಕೆಯನ್ನೂ ಹೊರತಂದರು. ೧೯೨೧ರಲ್ಲಿ ಆರ್. ಕಲ್ಯಾಣಮ್ಮನವರು ಆರಂಭಿಸಿದ "ಸರಸ್ವತಿ" ಮಾಸಪತ್ರಿಕೆಯು ನಾಲ್ಕು ದಶಕಗಳ ಕಾಲ ನಡೆಯಿತು. ನಮ್ಮ ಜಿಲ್ಲೆಯದೇ ಆದ ಬೆಳಗೆರೆಯ ಜಾನಕಮ್ಮನವರು ಸಂಸಾರದ ಕೆಲಸಗಳ ನಡುವೆಯೇ ಕವಿತೆಗಳನ್ನು ಕಟ್ಟಿ, ಅಲ್ಪ ವಯಸ್ಸಿನಲ್ಲಿಯೇ ಕಾಲವಾದರು.

"ನಮಗೆ ವಯಸ್ಸಾಯಿತಲ್ಲ" ಎನ್ನುವವರು ಎಂ. ಕೆ. ಇಂದಿರಾರವರನ್ನು ನೆನೆಯಬೇಕು. ಹನ್ನೆರಡನೆಯ ವರ್ಷದಲ್ಲಿ ಮದುವೆಯಾಗಿ, ಶಾಲೆಯ ಓದನ್ನು ಅಲ್ಲಿಗೇ ನಿಲ್ಲಿಸಬೇಕಾಗಿ ಬಂದ ಆಕೆಯ "ತುಂಗಭದ್ರ" ಕಾದಂಬರಿಯು ಬೆಳಕು ಕಂಡದ್ದು ೧೯೬೩ರಲ್ಲಿ. ಆಗ ಆಕೆಗೆ ನಲವತ್ತೈದು ದಾಟಿತ್ತು. "ಫಣಿಯಮ್ಮ"ನು ಬಂದದ್ದು ಇನ್ನೂ ತಡವಾಗಿ, ೧೯೭೬ರಲ್ಲಿ. ಇನ್ನು ನಮ್ಮ ಕಾಲದ ದೃಷ್ಟಾಂತವನ್ನೇ ಬೇಕೆನ್ನುವವರಿಗೆ ಹಾಸನದ ಬಾನು ಮುಷ್ತಾಕ್‌ರವರಿದ್ದಾರೆ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಒಂದು ಕನ್ನಡ ಮಿಶನ್ ಶಾಲೆಯಲ್ಲಿ ಅಕ್ಷರವನ್ನು ಕಲಿತ ಆ ಬಾಲಿಕೆಯ ಮೊದಲ ಕಥೆಯು ಅಚ್ಚಾದದ್ದು "ಪ್ರಜಾಮತ"ವೆಂಬ ಪತ್ರಿಕೆಯಲ್ಲಿ. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ "ಹಾರ್ಟ್ ಲ್ಯಾಂಪ್" ಗ್ರಂಥಕ್ಕೆ ೨೦೨೫ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವು ದೊರೆಯಿತು. ಕನ್ನಡದಿಂದ ಹೋದ ಕೃತಿಗೆ ಆ ಬಹುಮಾನವು ಬಂದುದು ಅದೇ ಮೊದಲು. ಲಂಡನ್ನಿನವರೆಗೆ ಹೋದ ಆ ದಾರಿಯು ಒಂದು ಕನ್ನಡ ಪತ್ರಿಕೆಗೆ ಕಳುಹಿಸಿದ ಒಂದು ಕಥೆಯಿಂದ ಮೊದಲಾಯಿತೆಂಬುದನ್ನು ನಮ್ಮ ಮಕ್ಕಳು ಮರೆಯಬಾರದು.

ಪ್ರಕಟಣೆಗಳನ್ನು ಕಾಣುವುದೆಲ್ಲಿ?

ಸ್ಪರ್ಧೆಗಳ ಪ್ರಕಟಣೆಯನ್ನು ಹುಡುಕುವುದಕ್ಕೆ ದೂರ ಹೋಗಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ವಾರಕ್ಕೊಂದು ದಿನ ಅಲ್ಲಿಗೆ ಹೋಗಿ ದಿನಪತ್ರಿಕೆಗಳ ಭಾನುವಾರದ ಪುರವಣಿಗಳನ್ನೂ ವಾರಪತ್ರಿಕೆಗಳನ್ನೂ ತಿರುವಿಹಾಕಿದರೆ ಮುಕ್ಕಾಲು ಪಾಲು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಹೀಗೆ ಕಂಡದ್ದನ್ನು ಒಂದು ಸಣ್ಣ ಪುಸ್ತಕದಲ್ಲಿ ಸ್ಪರ್ಧೆಯ ಹೆಸರು, ಕಡೆಯ ದಿನ, ಪದಗಳ ಮಿತಿ, ಕಳುಹಿಸುವ ವಿಳಾಸ ಎಂಬ ನಾಲ್ಕು ಕಲಮುಗಳಲ್ಲಿ ಬರೆದಿಟ್ಟುಕೊಳ್ಳಬೇಕು.

ಸ್ಪರ್ಧೆಗಳಿಗೂ ಬೆಳೆಗಳಂತೆ ಕಾಲವುಂಟು. ಯುಗಾದಿ ವಿಶೇಷಾಂಕಗಳ ಕರೆಯು ಸಂಕ್ರಾಂತಿಯ ಆಸುಪಾಸಿನಲ್ಲಿಯೂ, ದೀಪಾವಳಿ ವಿಶೇಷಾಂಕಗಳ ಕರೆಯು ಆಷಾಢ ಶ್ರಾವಣಗಳ ಹೊತ್ತಿಗೂ ಸಾಮಾನ್ಯವಾಗಿ ಹೊರಡುತ್ತದೆ. ಹಿಂದಿನ ವರ್ಷದಲ್ಲಿ ಅಚ್ಚಾದ ಪುಸ್ತಕಗಳಿಗೆ ಕೊಡುವ ಬಹುಮಾನಗಳ ಕರೆಯು ವರ್ಷದ ಮೊದಲ ತಿಂಗಳುಗಳಲ್ಲಿ ಬರುವುದೇ ಹೆಚ್ಚು. ಕರೆಯು ಬಂದ ಮೇಲೆ ಬರೆಯುವುದಕ್ಕೆ ಕೂಡುವವಳು ಅವಸರಪಡುತ್ತಾಳೆ; ಮೊದಲೇ ಬರೆದಿಟ್ಟುಕೊಂಡವಳು ತಿದ್ದಿ ಕಳುಹಿಸುತ್ತಾಳೆ.

ಶಾಲೆಯಲ್ಲಿ ಓದುತ್ತಿರುವವರಿಗೆ

ಶಾಲೆಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದಲ್ಲಿರುವುದು ಶಿಕ್ಷಣ ಇಲಾಖೆಯವರು ನಡೆಸುವ ಪ್ರತಿಭಾ ಕಾರಂಜಿ. ಇದು ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದರೆ ಇದಕ್ಕೆ ಶಾಲೆಯೇ ಹೆಸರನ್ನು ಕಳುಹಿಸುವುದರಿಂದ, ಆಸಕ್ತಿಯುಳ್ಳ ಬಾಲಿಕೆಯು ಮೊದಲೇ ಉಪಾಧ್ಯಾಯಿನಿಯರಿಗೆ ತಿಳಿಸಬೇಕು.

ಅಂಚೆ ಇಲಾಖೆಯ ಸ್ಪರ್ಧೆಗಳು ಎರಡುಂಟು. ಮೊದಲನೆಯದು ೨೦೧೭ರಲ್ಲಿ ಆರಂಭವಾದ "ಢಾಯಿ ಆಖರ್" ಎಂಬ ಪತ್ರಲೇಖನ ಸ್ಪರ್ಧೆ. ಇಲಾಖೆಯವರು ಪ್ರಕಟಿಸುವ ವಿಷಯದ ಮೇಲೆ ಕನ್ನಡದಲ್ಲಿಯೇ, ಕೈಬರಹದಲ್ಲಿಯೇ ಬರೆಯಬಹುದು. ಇದುವರೆಗಿನ ನಿಯಮಗಳಂತೆ ಇನ್‌ಲ್ಯಾಂಡ್ ಪತ್ರದಲ್ಲಿ ೫೦೦ ಪದಗಳನ್ನೂ, ಲಕೋಟೆಯಲ್ಲಿ ಹಾಕುವ ಬಿಳಿಯ ಹಾಳೆಯಲ್ಲಿ ೧೦೦೦ ಪದಗಳನ್ನೂ ಮೀರಬಾರದು. ಹದಿನೆಂಟು ವರ್ಷದೊಳಗಿನವರಿಗೂ ಮೀರಿದವರಿಗೂ ಪ್ರತ್ಯೇಕ ವಿಭಾಗಗಳಿರುವುದರಿಂದ, ತಾಯಿ ಮಗಳಿಬ್ಬರೂ ಒಂದೇ ದಿನ ಕುಳಿತು ಬರೆಯಲು ಅಡ್ಡಿಯಿಲ್ಲ. ರಾಜ್ಯದ ಅಂಚೆ ವೃತ್ತದ ಮಟ್ಟದಲ್ಲಿ ಮೊದಲ ಬಹುಮಾನವು ೨೫,೦೦೦ ರೂಪಾಯಿಗಳು. ಎರಡನೆಯದು ವಿಶ್ವ ಅಂಚೆ ಒಕ್ಕೂಟದವರು ೧೯೭೧ರಿಂದ ನಡೆಸುತ್ತ ಬಂದಿರುವ ಅಂತರರಾಷ್ಟ್ರೀಯ ಪತ್ರಲೇಖನ ಸ್ಪರ್ಧೆ; ಇದು ಒಂಬತ್ತರಿಂದ ಹದಿನೈದು ವರ್ಷದವರಿಗೆ ಮಾತ್ರ. ಪತ್ರವನ್ನು ಚೆನ್ನಾಗಿ ಬರೆಯಬಲ್ಲವಳು ಕಥೆಯನ್ನೂ ಬರೆಯಬಲ್ಲಳು; ಏಕೆಂದರೆ ಎದುರಿಗಿಲ್ಲದವರಿಗೆ ಮನಸ್ಸಿನ ಮಾತನ್ನು ತಿಳಿಯಹೇಳುವುದು ಎರಡಕ್ಕೂ ಸಮಾನವಾದ ಗುಣ.

ಶಾಲೆಯನ್ನು ಬಿಟ್ಟವರಿಗೆ

ಸ್ಪರ್ಧೆ ಮೊದಲೋ ಪತ್ರಿಕೆ ಮೊದಲೋ ಎಂದು ಹಲವರು ನಮ್ಮನ್ನು ಕೇಳುವುದುಂಟು. ಪತ್ರಿಕೆಯೇ ಮೊದಲೆಂಬುದು ನಮ್ಮ ಅಭಿಪ್ರಾಯ. ಸ್ಪರ್ಧೆಯಲ್ಲಿ ಸಾವಿರಾರು ಬರಹಗಳಿಗೆ ಮೂರೋ ನಾಲ್ಕೋ ಬಹುಮಾನಗಳು. ಪತ್ರಿಕೆಗಾದರೋ ಪ್ರತಿವಾರವೂ ಪುಟಗಳನ್ನು ತುಂಬಬೇಕಾದ ಅಗತ್ಯವಿದೆ. ವಾಚಕರ ವಾಣಿಗೆ ಒಂದು ಕಾಗದ, ಅನಂತರ ಒಂದು ಕಿರು ಅನುಭವ ಲೇಖನ, ಅನಂತರ ಪ್ರಬಂಧವೋ ಕಥೆಯೋ ಎಂದು ಮುಂದುವರಿದರೆ ಕೈ ಪಳಗುತ್ತದೆ.

ವಿಷಯಕ್ಕೂ ಬಡತನವಿಲ್ಲ. ೧೯೩೩ರ ತರುವಾಯ ಮೊದಲ ಬಾರಿಗೆ ೨೦೨೨ರಲ್ಲಿ ವಾಣಿವಿಲಾಸ ಸಾಗರವು ಕೋಡಿ ಬಿದ್ದಾಗ, ನಮ್ಮ ಸೀಮೆಯ ಮನೆಮನೆಗಳಲ್ಲಿಯೂ ಅದೇ ಮಾತಾಗಿತ್ತು. ಹೊಸದುರ್ಗದ ಕಡೆಯಿಂದ ಹರಿದುಹೋಗುವ ವೇದಾವತಿಯ ನೀರನ್ನು ಕುರಿತು ಅಜ್ಜಿಯರು ಹೇಳಿದುದನ್ನು ಬರೆದಿಟ್ಟವರೆಷ್ಟು ಮಂದಿ? ತೆಂಗಿನ ತೋಟ, ಬರಗಾಲ, ಸಂತೆ, ಜಾತ್ರೆ, ಹೊಲಿಗೆಯ ತರಗತಿ ಇವೆಲ್ಲವೂ ಬರಹಕ್ಕೆ ತಕ್ಕ ವಸ್ತುಗಳೇ. ಬೆಂಗಳೂರಿನ ಬೀದಿಯನ್ನು ಕಾಣದೆ ಬೆಂಗಳೂರಿನ ಕಥೆಯನ್ನು ಬರೆಯಹೊರಡುವುದಕ್ಕಿಂತ, ಬಲ್ಲ ಊರನ್ನು ಬಲ್ಲ ಮಾತಿನಲ್ಲಿ ಬರೆಯುವುದು ಲೇಸು.

ಕೈ ಪಳಗಿದ ಮೇಲೆ ಸ್ಪರ್ಧೆಗಳತ್ತ ನೋಡಬಹುದು. ೧೯೪೮ರಲ್ಲಿ ಹುಟ್ಟಿದ "ಪ್ರಜಾವಾಣಿ"ಯ ದೀಪಾವಳಿ ಕಥಾಸ್ಪರ್ಧೆಯು ಹಲವು ದಶಕಗಳಿಂದ ಹೊಸಬರನ್ನು ಮುಂದೆ ತಂದಿದೆ, ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಮೊದಲ ಕಥೆ "ಲಿಂಗ ಬಂದ" ಬಹುಮಾನವನ್ನು ಪಡೆದದ್ದು ಅದರಲ್ಲಿಯೇ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಜಿಲ್ಲೆ ತಾಲ್ಲೂಕುಗಳಲ್ಲಿಯೂ ಘಟಕಗಳಿವೆ. ಅವರು ನಡೆಸುವ ಸಮ್ಮೇಳನಗಳ ಕವಿಗೋಷ್ಠಿಗಳಲ್ಲಿ ಹೊಸಬರಿಗೂ ಅವಕಾಶವುಂಟು. ೧೯೭೯ರಲ್ಲಿ ಆರಂಭವಾದ ಕರ್ನಾಟಕ ಲೇಖಕಿಯರ ಸಂಘವು ಹೆಂಗಸರ ಬರಹಗಳಿಗೆಂದೇ ದತ್ತಿ ಬಹುಮಾನಗಳನ್ನು ಏರ್ಪಡಿಸಿದೆ.

ಮೊದಲ ಪುಸ್ತಕದ ಮಾತು

ಹತ್ತು ಹನ್ನೆರಡು ಬರಹಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಪುಸ್ತಕದ ಆಸೆಯು ಹುಟ್ಟುವುದು ಸಹಜವೇ. ಆಗ ಕೈಯಿಂದ ಹಣವನ್ನು ಹಾಕಿ ಅಚ್ಚು ಮಾಡಿಸುವುದಕ್ಕೆ ಮುಂಚೆ ಈ ಕೆಳಗಿನವುಗಳನ್ನು ವಿಚಾರಿಸಬೇಕು.

ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಯ ಪ್ರಕಟಣೆಗೆ ಪ್ರೋತ್ಸಾಹ ಧನವನ್ನು ಕೊಡುತ್ತದೆ. ಅರ್ಜಿಯ ಕರೆಯನ್ನು ಪತ್ರಿಕೆಗಳಲ್ಲಿ ನೋಡಬೇಕು. ಹಸ್ತಪ್ರತಿಗೇ ಬಹುಮಾನವನ್ನು ಕೊಡುವವರೂ ಇದ್ದಾರೆ. ಕಾರ್ಕಳದ ಬಳಿಯ ಕಾಂತಾವರದ ಕನ್ನಡ ಸಂಘವು ಮುದ್ದಣನ ಹೆಸರಿನಲ್ಲಿ ಕವನಗಳ ಹಸ್ತಪ್ರತಿಗೂ, ಕಥೆಗಾರ ವಸುಧೇಂದ್ರರವರು ಸ್ಥಾಪಿಸಿದ ಛಂದ ಪುಸ್ತಕವು ಹೊಸಬರ ಕಥೆಗಳ ಹಸ್ತಪ್ರತಿಗೂ ಬಹುಮಾನಗಳನ್ನು ನೀಡುತ್ತ ಬಂದಿವೆ. ಛಂದ ಪುಸ್ತಕದವರು ಗೆದ್ದ ಹಸ್ತಪ್ರತಿಯನ್ನು ತಾವೇ ಪುಸ್ತಕವಾಗಿ ಪ್ರಕಟಿಸುವುದೂ ಉಂಟು. ಪುಸ್ತಕವು ಅಚ್ಚಾದ ಬಳಿಕ, ೧೯೬೧ರಲ್ಲಿ ಸ್ಥಾಪಿತವಾದ ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಮಧುರಚೆನ್ನರ ಹೆಸರಿನದು ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಮೀಸಲಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು ೨೦೧೧ರಿಂದ ಕೊಡುತ್ತಿರುವ ಯುವ ಪುರಸ್ಕಾರವು ಮೂವತ್ತೈದು ವರ್ಷವನ್ನು ಮೀರದವರಿಗೆ. ಅದರ ಮೊತ್ತ ೫೦,೦೦೦ ರೂಪಾಯಿಗಳು.

ಇವಲ್ಲದೆ ೨೦೨೧ರಲ್ಲಿ ಆರಂಭವಾದ ಪ್ರಧಾನಮಂತ್ರಿ ಯುವ ಲೇಖಕರ ಯೋಜನೆಯೊಂದಿದೆ. ಇದನ್ನು ನಡೆಸುವವರು ನ್ಯಾಷನಲ್ ಬುಕ್ ಟ್ರಸ್ಟಿನವರು. ಮೂವತ್ತು ವರ್ಷದೊಳಗಿನವರು ತಾವು ಬರೆಯಲಿರುವ ಪುಸ್ತಕದ ರೂಪರೇಖೆಯನ್ನು ಮಾದರಿ ಅಧ್ಯಾಯದೊಡನೆ ಕಳುಹಿಸಬೇಕು. ಮೊದಲ ವರ್ಷ ೭೫ ಮಂದಿಯನ್ನು ಆರಿಸಿ, ಆರು ತಿಂಗಳ ಕಾಲ ತಿಂಗಳಿಗೆ ೫೦,೦೦೦ ರೂಪಾಯಿಗಳ ವೇತನದೊಡನೆ ಅನುಭವಸ್ಥರಿಂದ ಮಾರ್ಗದರ್ಶನವನ್ನೂ ಮಾಡಿಸಿದರು. ಕನ್ನಡದಲ್ಲಿ ಬರೆಯುವವರೂ ಇದಕ್ಕೆ ಅರ್ಹರು. ಇಂತಹ ಕರೆಯು ಪ್ರತಿವರ್ಷವೂ ಬಾರದಿರಬಹುದಾದ್ದರಿಂದ ಕಣ್ಣಿಟ್ಟಿರಬೇಕು.

ಕಳುಹಿಸುವ ಕ್ರಮ

ಒಳ್ಳೆಯ ಬರಹವು ನಿಯಮದ ತಪ್ಪಿನಿಂದ ಹೊರಬೀಳುವುದಕ್ಕಿಂತ ದುಃಖಕರವಾದುದು ಬೇರೊಂದಿಲ್ಲ. ಆದುದರಿಂದ ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡತಕ್ಕದ್ದು.

ಮೊದಲನೆಯದಾಗಿ, ನಿಯಮಗಳನ್ನು ಎರಡಾವರ್ತಿ ಓದಬೇಕು. ಕಥೆಯು ಎರಡು ಸಾವಿರದ ಐದುನೂರು ಪದಗಳನ್ನು ಮೀರಬಾರದೆಂದಿದ್ದರೆ, ಮೀರಿದ ಕಥೆಯನ್ನು ತೀರ್ಪುಗಾರರು ಓದಬೇಕೆಂಬ ಕಟ್ಟಳೆಯಿಲ್ಲ.

ಎರಡನೆಯದಾಗಿ, ಬರಹವು ಸ್ವಂತದ್ದಾಗಿರಬೇಕು. ಅನುವಾದವಾಗಲಿ ಅನುಕರಣೆಯಾಗಲಿ ಆಗಿರಕೂಡದು. ಯಂತ್ರದಿಂದ ಬರೆಯಿಸಿಕೊಂಡದ್ದನ್ನು ತನ್ನದೆಂದು ಕಳುಹಿಸುವುದು ಪಕ್ಕದವಳ ಉತ್ತರಪತ್ರಿಕೆಯನ್ನು ನೋಡಿ ಬರೆದಂತೆಯೇ ಸರಿ. "ಎಲ್ಲಿಯೂ ಪ್ರಕಟವಾಗಿರಬಾರದು" ಎಂದರೆ ಫೇಸ್‌ಬುಕ್, ವಾಟ್ಸಾಪುಗಳಲ್ಲಿ ಹಾಕಿದ್ದೂ ಪ್ರಕಟವಾದದ್ದೆಂದೇ ಹಲವರು ಎಣಿಸುತ್ತಾರೆ. ಕಳುಹಿಸಬೇಕೆಂದಿರುವ ಕಥೆಯನ್ನು ಗೆಳತಿಯರ ಗುಂಪಿಗೆ ಮೊದಲೇ ಹಂಚಬೇಡಿರಿ.

ಮೂರನೆಯದಾಗಿ, ಬರಹದ ಹಾಳೆಯಲ್ಲಿ ಹೆಸರು ಇರಕೂಡದೆಂದು ನಿಯಮವಿದ್ದರೆ, ಹೆಸರು, ವಿಳಾಸ, ದೂರವಾಣಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚನ್ನು ಬಿಟ್ಟು, ಬಿಡಿಯಾಗಿ ಬರೆಯಬೇಕು. ಈಗ ಹೆಚ್ಚಿನವರು ಇ-ಮೇಲಿನಲ್ಲಿಯೇ ಕೇಳುವುದರಿಂದ, ನುಡಿಯಲ್ಲಿ ಬೇಕೋ ಯೂನಿಕೋಡಿನಲ್ಲಿ ಬೇಕೋ ಎಂಬುದನ್ನು ನೋಡಿಕೊಳ್ಳಬೇಕು. ಬರಹದ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳದೆ ಯಾರಿಗೂ ಕಳುಹಿಸಬಾರದು.

ನಾಲ್ಕನೆಯದಾಗಿ, ಒಂದೇ ಬರಹವನ್ನು ಏಕಕಾಲದಲ್ಲಿ ಇಬ್ಬರಿಗೆ ಕಳುಹಿಸಬಾರದು. ಮೂರು ತಿಂಗಳಾದರೂ ಉತ್ತರವು ಬಾರದಿದ್ದರೆ ವಿನಯದಿಂದ ಒಂದು ಮಾತು ವಿಚಾರಿಸಿ, ಮತ್ತೊಬ್ಬರಿಗೆ ಕಳುಹಿಸಬಹುದು. ಹಿಂದಿರುಗಿ ಬಂದ ಕಥೆಯೆಲ್ಲವೂ ಕೆಟ್ಟ ಕಥೆಯಲ್ಲ. ಆದರೆ ಮರಳಿ ಓದಿ ತಿದ್ದದೆ ಮತ್ತೊಂದೆಡೆಗೆ ಅಟ್ಟುವುದು ಸರಿಯಲ್ಲ.

ಮೋಸಗಳ ವಿಷಯದಲ್ಲಿ ಎಚ್ಚರಿಕೆ

ಹೊಸಬರ ಆಸೆಯನ್ನೇ ಬಂಡವಾಳವಾಗಿ ಮಾಡಿಕೊಂಡವರೂ ಇದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಎರಡು ಕವಿತೆಗಳು ಆಯ್ಕೆಯಾಗಿವೆಯೆಂಬ ಸುದ್ದಿಯನ್ನು ತಿಳಿದು ಹಿಗ್ಗಿದಳು. ಆದರೆ ಸಂಕಲನದಲ್ಲಿ ಸೇರಬೇಕಾದರೆ ಇಷ್ಟು ಪ್ರತಿಗಳನ್ನು ಕೊಳ್ಳಬೇಕೆಂದೂ, ಸಮಾರಂಭದಲ್ಲಿ ಬಿರುದನ್ನು ಪಡೆಯಬೇಕಾದರೆ ಇಷ್ಟು ಹಣವೆಂದೂ ಮಾರನೆಯ ದಿನ ಬರಹ ಬಂದಿತು. ಆಕೆಯ ತಂದೆಯು ಕೊಬ್ಬರಿ ಮಾರಿ ಬಂದ ಹಣವನ್ನು ಕೊಟ್ಟರು. ಬಂದ ಪುಸ್ತಕದಲ್ಲಿ ಕವಿತೆಯ ತುಂಬ ಅಚ್ಚಿನ ತಪ್ಪುಗಳು. ಆಕೆಯ ಹೆಸರೂ ತಪ್ಪಾಗಿತ್ತು. ಅದಾದ ಮೇಲೆ ಆಕೆ ಲೇಖನಿಯನ್ನು ಹಿಡಿಯಲೇ ಇಲ್ಲ. ಹೋದ ಹಣಕ್ಕಿಂತಲೂ ಇದೇ ದೊಡ್ಡ ನಷ್ಟ.

ಆದುದರಿಂದ ಒಂದು ಸುಲಭವಾದ ಲಕ್ಷಣವನ್ನು ಹೇಳುತ್ತೇವೆ. ಒಳ್ಳೆಯ ಪತ್ರಿಕೆಯು ಬರೆದವರಿಂದ ಹಣವನ್ನು ಕೇಳುವುದಿಲ್ಲ. ಶಕ್ತಿಯಿದ್ದರೆ ಬರೆದವರಿಗೇ ಸಂಭಾವನೆಯನ್ನು ಕೊಡುತ್ತದೆ. ಪ್ರವೇಶಧನವನ್ನು ಕೇಳುವ ಸ್ಪರ್ಧೆಯಿದ್ದರೆ, ಅದನ್ನು ನಡೆಸುವವರು ಯಾರು, ತೀರ್ಪುಗಾರರು ಯಾರು, ಹಿಂದಿನ ವರ್ಷ ಗೆದ್ದವರು ಯಾರು ಎಂಬುದನ್ನು ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಹಕ್ಕುಸ್ವಾಮ್ಯದ ಮಾತನ್ನೂ ನೋಡಬೇಕು. ೧೯೫೭ರ ಕಾಯಿದೆಯಂತೆ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರದೇ. ಅವರ ಕಾಲಾನಂತರವೂ ಅರವತ್ತು ವರ್ಷಗಳವರೆಗೆ ಅದು ಉಳಿಯುತ್ತದೆ. ಒಂದು ಬಾರಿ ಪ್ರಕಟಿಸುವ ಅನುಮತಿಯೇ ಬೇರೆ, ಎಲ್ಲ ಹಕ್ಕುಗಳನ್ನೂ ಬರೆದುಕೊಡುವುದೇ ಬೇರೆ. ತಿಳಿಯದ ಕಾಗದಕ್ಕೆ ರುಜು ಹಾಕುವುದಕ್ಕೆ ಮುಂಚೆ ಬಲ್ಲವರನ್ನು ಕೇಳಿರಿ.

ತಂದೆತಾಯಿಗಳಲ್ಲಿ ಒಂದು ಬಿನ್ನಹ

ಮಾನ್ಯ ಪೋಷಕರೇ, ಮಗಳ ಹೆಸರು ಅಚ್ಚಿನಲ್ಲಿ ಬಂದರೆ ಊರವರು ಏನೆನ್ನುವರೋ ಎಂದು ನೀವು ಅಂಜುವುದನ್ನು ನಾವು ಬಲ್ಲೆವು. ಆ ಅಂಜಿಕೆಯು ಪ್ರೀತಿಯಿಂದಲೇ ಹುಟ್ಟಿದ್ದು. ಮನೆಯ ವಿಳಾಸವೂ ದೂರವಾಣಿಯೂ ಪತ್ರಿಕೆಯಲ್ಲಿ ಬರುವುದು ಬೇಡವೆಂದಾದರೆ ಸಂಪಾದಕರಿಗೆ ಹಾಗೆಂದು ಬರೆದರಾಯಿತು. ಕಾವ್ಯನಾಮದಿಂದ ಬರೆದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. "ತ್ರಿವೇಣಿ" ಎಂಬುದು ಅನಸೂಯಾ ಶಂಕರರವರ ಕಾವ್ಯನಾಮವೆಂಬುದು ನಿಮಗೆ ತಿಳಿದೇ ಇದೆ. ಆದರೆ ಬರೆಯುವುದನ್ನೇ ನಿಲ್ಲಿಸಬೇಡಿರಿ. ಓದು ಕೆಡುತ್ತದೆಂಬ ಭಯವೂ ಬೇಡ. ತನ್ನ ಮಾತನ್ನು ತಾನೇ ಜೋಡಿಸಿ ಬರೆಯಬಲ್ಲ ಹುಡುಗಿಯು ಪರೀಕ್ಷೆಯ ಉತ್ತರವನ್ನೂ ಜೋಡಿಸಿ ಬರೆಯುತ್ತಾಳೆ. ಆಕೆಗೆ ಬೇಕಾದುದು ಹೆಚ್ಚೇನೂ ಅಲ್ಲ: ದಿನಕ್ಕೆ ಅರ್ಧ ಗಂಟೆಯ ಬಿಡುವು, ಒಂದು ನೋಟುಪುಸ್ತಕ, ಅಂಚೆಯ ಖರ್ಚು, ಮತ್ತು ಅನುಮತಿಯಿಲ್ಲದೆ ಯಾರೂ ತೆರೆಯದ ಒಂದು ಪೆಟ್ಟಿಗೆ. ಅಳಿಯಂದಿರಿಗೂ ಅತ್ತೆಯವರಿಗೂ ಇದೇ ನಮ್ಮ ಬಿನ್ನಹ.

ಹಳೆಯ ವಿದ್ಯಾರ್ಥಿನಿಯರೇ, ಶಾಲೆಯ ವಾಚನಾಲಯದಲ್ಲಿ ಒಂದು ಹಲಗೆಯನ್ನು ಈ ಕೆಲಸಕ್ಕಾಗಿಯೇ ಮೀಸಲಿಟ್ಟು, ಸ್ಪರ್ಧೆಗಳ ಪ್ರಕಟಣೆಗಳನ್ನು ಕತ್ತರಿಸಿ ಅಂಟಿಸುತ್ತ ಬರುವೆವು. ದೂರದಲ್ಲಿರುವವರು ತಮ್ಮ ಕಣ್ಣಿಗೆ ಬಿದ್ದ ಪ್ರಕಟಣೆಗಳನ್ನು ನಮಗೆ ಕಳುಹಿಸಿದರೆ ಚಿಕ್ಕವರಿಗೆ ಉಪಕಾರವಾದೀತು. ಬರೆದುದನ್ನು ಮೊದಲು ಯಾರಿಗೆ ತೋರಿಸುವುದೆಂದು ಸಂಕೋಚಪಡುವವರು ನಮ್ಮ ಉಪಾಧ್ಯಾಯಿನಿಯರಿಗೆ ತೋರಿಸಬಹುದು. ತರಗತಿಯಲ್ಲಿ ತಿದ್ದಿದಂತೆಯೇ ಕೆಂಪು ಶಾಯಿಯಿಂದ ತಿದ್ದಿ ಕೊಡುವರು, ಗುಣವಿದ್ದೆಡೆಯಲ್ಲಿ ಮೆಚ್ಚುವರು. ಮುಂದಿನ ಸ್ಮರಣ ಸಂಚಿಕೆಯಲ್ಲಿ, ಬೇರೆ ಪತ್ರಿಕೆಗಳಲ್ಲಿ ಪ್ರಕಟವಾದ ನಿಮ್ಮ ಬರಹಗಳ ಪಟ್ಟಿಗೆಂದು ಒಂದು ಪುಟವನ್ನು ಖಾಲಿ ಬಿಡಬೇಕೆಂದು ನಿಶ್ಚಯಿಸಿದ್ದೇವೆ. ಆ ಒಂದು ಪುಟವು ಸಾಲದೆ ಹೋಗಲೆಂಬುದೇ ನಮ್ಮ ಹಾರೈಕೆ.